ಜೋಡಿ ಟೊಪ್ಪಿಗೆ

ವಾಂಡಾ ಕರವಸ್ತ್ರದ ತುದಿಗೆ ಎಂಜಲು ಹಚ್ಚಿ ಗಂಡನ ಹಣೆ ಉಜ್ಜತೊಡಗಿದಾಗ ಬಾಗಿಲಲ್ಲಿ ನಿಂತಿದ್ದ ಡೆಲೇನಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಶವಸಂಸ್ಕಾರದ ಮನೆ ನಡೆಸುವುದು ಅವನಿಗೆ ಅಪ್ಪನಿಂದ ಬಂದ ಕಸುಬು. ಗೋಳಾಡುವವರನ್ನು ಕಂಡಿದ್ದ, ಎಚ್ಚರ ತಪ್ಪಿ ಬೀಳುವವರನ್ನು ಕಂಡಿದ್ದ, ಹೆಣದ ಮುಂದೆಯೇ ಮನೆ ಪಾಲಿಗೆ ಜಗಳ ಕಾಯುವವರನ್ನೂ ಕಂಡಿದ್ದ. ಹೆಣದ ಮುಖ ತೊಳೆಯುವವರನ್ನು ಮಾತ್ರ ಕಂಡಿರಲಿಲ್ಲ.

"ಮಿಸೆಸ್ ಸೋಬ್‌ಚಾಕ್, ಪೌಡರ್ ಹೋಗ್ಬಿಡುತ್ತೆ."

"ಹೋಗ್ಲಿ ಅಂತಾನೇ ಉಜ್ತಿರೋದು."

"ಅಲ್ಲೊಂದು ಗುರುತಿತ್ತು, ಹಣೆ ಸುತ್ತ. ನಾವು ಕಷ್ಟಪಟ್ಟು ಮುಚ್ಚಿದ್ವಿ."

"ಯಾರಪ್ಪಾ ಮುಚ್ಚು ಅಂದೋರು? ಅದಿಲ್ದೆ ಯಾವುದೋ ಬ್ಯಾಂಕಿನ ಮ್ಯಾನೇಜರ್ ಮಲಗ್ದಂಗೆ ಕಾಣ್ತಾನೆ."

ಕರವಸ್ತ್ರಕ್ಕೆ ಪೌಡರು ಅಂಟುತ್ತ ಬಂದಂತೆ ಗೆರೆ ಮೆಲ್ಲಗೆ ಮೇಲೆದ್ದಿತು. ಹಣೆಯ ನಡುವಿನಿಂದ ಎರಡೂ ಕಿವಿಗಳ ಮೇಲಕ್ಕೆ ಹೋಗುವ ಸಣ್ಣ ತಗ್ಗು. ಗದ್ದದ ಕೆಳಗೆ ಇನ್ನೊಂದು, ದಾರದಷ್ಟು ತೆಳ್ಳಗೆ, ಎಲಾಸ್ಟಿಕ್ ಕೂತ ಜಾಗ. ಗಂಡ ಬ್ರೂನೋ, ಲಿಪ್ಸ್ಕಿ ಎಂಬವರ ಕಾರ್ಖಾನೆಯಲ್ಲಿ ಹುಟ್ಟುಹಬ್ಬದ ಟೊಪ್ಪಿಗೆಗಳನ್ನು ರೂಪಿಸುತ್ತಿದ್ದವನು. ಪ್ರತಿ ಹೊಸ ಮಾದರಿಯೂ ಮೊದಲು ಏರುತ್ತಿದ್ದದ್ದು ಅವನ ತಲೆಗೆ. ಅದನ್ನು ಹಾಕಿಕೊಂಡೇ ಊಟ ಮಾಡುತ್ತಿದ್ದ, ಅಂಗಳದ ಹಿಮ ಎತ್ತಿಹಾಕುತ್ತಿದ್ದ, ಒಮ್ಮೆ ಮರೆತು ಹಾಗೆಯೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ. ಮಕ್ಕಳ ತಲೆಯ ಅಳತೆಗೆ ಮಾಡಿದ್ದನ್ನು ದೊಡ್ಡವನ ತಲೆಗೆ ಸಿಕ್ಕಿಸಿದರೆ ಗುರುತು ಬೀಳದೆ ಇನ್ನೇನಾದೀತು? ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ವಾಂಡಾ ಬೈಯುತ್ತಿದ್ದಳು. ಅವನು ಟೊಪ್ಪಿಗೆಯ ಕೆಳಗಿನಿಂದ ನಗುತ್ತಿದ್ದ.

"ಈಗ ಸರಿಹೋಯ್ತು. ಈಗ ನನ್ನ ಗಂಡ," ಎಂದು ಆಕೆ ಕರವಸ್ತ್ರ ಮಡಿಸಿದಳು.

ಅಷ್ಟರಲ್ಲಿ ಬ್ರೂನೋನ ತಮ್ಮ ಜಿಗ್ಗಿ ಕುಂಟುತ್ತ ಒಳಗೆ ಬಂದ. ಕೈಯಲ್ಲಿ ಯಾರದೋ ಊರುಗೋಲು.

"ಇದೇನೋ ಅವತಾರ?"

"ಏನಿಲ್ಲ ಕಣೇ ವಾಂಡಾ. ಬೆಳಿಗ್ಗೆ ಮೆಟ್ಟಿಲ ಮೇಲೆ ಮಂಜುಗಡ್ಡೆ ಇತ್ತು, ಸ್ವಲ್ಪ ಕುಣಿದುಬಿಟ್ಟೆ." ಅಣ್ಣನ ಮುಖ ಕಂಡು ಅವನ ನಗೆ ಅಲ್ಲೇ ನಿಂತಿತು. ಮೂಗು ಒರೆಸಿಕೊಂಡು ಹೇಳಿದ: "ಗ್ರೆಗ್ ಫೋನ್ ಮಾಡಿದ್ದ. ಸರೋವರದ ಕಡೆಯಿಂದ ಒಂದೇ ಸಮ ಹಿಮ ಬೀಳ್ತಿದೆಯಂತೆ, ಹೆದ್ದಾರಿ ಮುಚ್ಚಿದ್ದಾರಂತೆ. ಅವನಿಗೆ ಬರೋಕಾಗಲ್ಲ."

ಶವಪೆಟ್ಟಿಗೆ ಹೊರಲು ಆರು ಜನ ಒಪ್ಪಿದ್ದರು. ಪಕ್ಕದ ಮನೆಯ ಅಣ್ಣತಮ್ಮಂದಿರು ಇಬ್ಬರು, ಕಾರ್ಖಾನೆಯ ಅಚ್ಚಿನ ಯಂತ್ರದವರು ಇಬ್ಬರು, ಜಿಗ್ಗಿ, ಅವನ ಮಗ ಗ್ರೆಗ್. ಈಗ ಅಪ್ಪ ಮಗ ಇಬ್ಬರೂ ಲೆಕ್ಕದಿಂದ ಹೊರಗೆ.

ಡೆಲೇನಿ ಗಂಟಲು ಸರಿಮಾಡಿಕೊಂಡ. "ಚರ್ಚಿನೊಳಗೆ ಗಾಡಿ ಮೇಲೆ ತಳ್ಕೊಂಡು ಹೋಗಬಹುದು. ಸ್ಮಶಾನದಲ್ಲಿ ಆಗಲ್ಲ, ಹಿಮದಲ್ಲಿ ಚಕ್ರ ಹೂತುಹೋಗುತ್ತೆ. ನೀವು ಚಿಂತೆ ಮಾಡ್ಬೇಡಿ, ನಮ್ಮ ಹುಡುಗರು ಇಬ್ಬರು ಇದ್ದಾರೆ. ಇಂಥದ್ದಕ್ಕೇ ಅಂತ ಇರೋರು."

"ಬೇಡ."

"ತುಂಬಾ ಮರ್ಯಾದಸ್ಥ ಹುಡುಗರು."

"ಇರಬಹುದಪ್ಪ. ಬೇಡ."

ಯಾಕೆ ಬೇಡ ಎಂದು ಜಿಗ್ಗಿಗೆ ಗೊತ್ತಿತ್ತು. ಅವರ ಬೀದಿಯ ಪೋಲಿಷ್ ಜನ ಯಾವುದನ್ನು ಮರೆತರೂ ಯಾರ ಪೆಟ್ಟಿಗೆಯನ್ನು ಯಾರು ಹೊತ್ತರು ಎಂಬುದನ್ನು ಮರೆಯುವುದಿಲ್ಲ. ಚರ್ಚಿನಲ್ಲಿ ವಾದ್ಯ ನುಡಿಸುತ್ತಿದ್ದ ಮುದುಕ ತೀರಿಕೊಂಡಾಗ ಬಾಡಿಗೆಯ ಆಳುಗಳು ಬಂದು ಹೊತ್ತಿದ್ದರು. ಅಂದು ಮನೆಗೆ ಮರಳುವಾಗ ಕಾರಿನಲ್ಲಿ ಬ್ರೂನೋ, "ಪಾಪ, ಕೈ ಕೊಡೋಕೆ ಒಬ್ಬರೂ ಇರಲಿಲ್ಲವಲ್ಲೇ," ಎಂದಿದ್ದ. ಮಕ್ಕಳಿಲ್ಲದ ಗಂಡ ಹೆಂಡಿರಿಗೆ ಅದರ ಮೇಲೆ ಆಡುವುದಕ್ಕೆ ಮಾತೇನಿರುತ್ತದೆ?

"ಇವನಿಗೆ ಯಾರೂ ಇರಲಿಲ್ಲ ಅಂತ ಆಗಬಾರದು ಜಿಗ್ಗಿ," ಎಂದಳು ವಾಂಡಾ.

*

ಗುಳ್ಳೆ ಬಿಡುವ ಟೊಪ್ಪಿಗೆಯ ಯೋಚನೆ ಬ್ರೂನೋಗೆ ಹೊಳೆದದ್ದು ಎಷ್ಟೋ ವರ್ಷಗಳ ಹಿಂದೆ, ಪಾತ್ರೆ ತೊಳೆಯುವಾಗ. ಲಾಳಿಕೆಯ ಬಾಯಿಗೆ ಸೋಪುನೀರು ಅಂಟಿಕೊಂಡಿತ್ತು. ಸುಮ್ಮನೆ ಊದಿದ, ತುದಿಯಲ್ಲೊಂದು ಗುಳ್ಳೆ ಎದ್ದು ಅಡುಗೆಮನೆಯ ದೀಪದತ್ತ ಹೊರಟಿತು. ಅವನು ಲಾಳಿಕೆಯನ್ನು ಬೋರಲು ಮಾಡಿ ತಲೆಯ ಮೇಲಿಟ್ಟುಕೊಂಡ. "ವಾಂಡಾ, ನೋಡೇ!" ಎಂದ. ಕಿವಿಯ ಮೇಲೆ ನೀರು ಸುರಿಯುತ್ತಿತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ಅದು ತೆಳು ಪ್ಲಾಸ್ಟಿಕ್ಕಿನ ಚೂಪು ಟೊಪ್ಪಿಗೆಯಾಗಿತ್ತು. ತುದಿಯಲ್ಲೊಂದು ಬಳೆ, ಅದರಡಿ ಸೋಪುನೀರಿನ ಪುಟ್ಟ ಬಟ್ಟಲು, ಕಿವಿಯ ಪಕ್ಕದಿಂದ ಬಾಯಿಗೆ ಇಳಿಯುವ ಕೊಳವೆ. ತಲೆಯಾಡಿಸಿದರೆ ಬಳೆ ನೀರಿನಲ್ಲಿ ಅದ್ದಿ ಏಳುತ್ತಿತ್ತು, ಊದಿದರೆ ಗುಳ್ಳೆ. ತಿಂಗಳುಗಟ್ಟಲೆ ಅವನು ಕನ್ನಡಿಯ ಮುಂದೆ ಕೂತು ಹೂಂ ಹೂಂ ಎಂದು ತಲೆಯಾಡಿಸುತ್ತ ಊದಿ ಊದಿ ಸರಿಮಾಡಿದ್ದ. ಒಂದು ಶನಿವಾರ ಬೀದಿಯ ಮಕ್ಕಳನ್ನು ಹಿತ್ತಿಲಿಗೆ ಕರೆದು ಎಲ್ಲರ ತಲೆಗೂ ಒಂದೊಂದು ಏರಿಸಿದ.

ಮಕ್ಕಳು ಬಂದ ದಿನ ವಾಂಡಾ ಹೊರಗೆ ಬರುತ್ತಿರಲಿಲ್ಲ. ಒಂದು ಮಗು ಹೊಟ್ಟೆಯಲ್ಲೇ ಹೋದ ಮೇಲೆ, ಇನ್ನು ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಿಂಬೆ ಪಾನಕದ ಹೂಜಿಯನ್ನು ಮೆಟ್ಟಿಲ ಮೇಲಿಟ್ಟು, ಬಾಗಿಲು ಹಾಕಿ, ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ನೋಡುವುದಿಲ್ಲ ಎಂದುಕೊಂಡು ಪರದೆಯ ಸಂದಿನಿಂದ ನೋಡುತ್ತಿದ್ದಳು. ಅಂದೂ ನೋಡಿದಳು. ಗುಳ್ಳೆಗಳು ಏಳುತ್ತಿದ್ದವು, ಮಕ್ಕಳು ಕೇಕೆ ಹಾಕುತ್ತಿದ್ದರು. ಮೂಲೆಯಲ್ಲಿ ಒಂದು ಹುಡುಗಿ ಮಾತ್ರ ಟೊಪ್ಪಿಗೆ ಕಿತ್ತು ಹುಲ್ಲಿಗೆಸೆದು ಅಳುತ್ತ ಕೂತಿತು.

"ನಂದರಲ್ಲಿ ಬರ್ತಾನೇ ಇಲ್ಲ!"

"ಬಂತಲ್ಲೇ ಪುಟ್ಟಿ! ಇಷ್ಟು ದಪ್ಪದ್ದು ಬಂತು!" ಬ್ರೂನೋ ಕೈ ಅಗಲಿಸಿ ತೋರಿಸಿದ.

"ಸುಳ್ಳು! ನಂಗೆ ಕಾಣ್ಲೇ ಇಲ್ಲ!"

ಬ್ರೂನೋನ ಅಗಲಿಸಿದ ಕೈ ಹಾಗೆಯೇ ನಿಂತಿತು. ನೆತ್ತಿಯ ಮೇಲೆ ಏಳುವ ಗುಳ್ಳೆ ಊದಿದವರಿಗೆ ಕಾಣುವುದಿಲ್ಲ. ಸದಾ ಕನ್ನಡಿಯ ಮುಂದೆ ಕೂತವನಿಗೆ ಇಷ್ಟು ಸಣ್ಣ ವಿಷಯ ಹೊಳೆದೇ ಇರಲಿಲ್ಲ.

ಆಮೇಲೆ ಅವನು ಪಟ್ಟ ಪಾಡು ಯಾರಿಗೂ ಬೇಡ. ಬಳೆಯನ್ನು ಮುಂದಕ್ಕೆ ಬಾಗಿಸಿದ, ಸೋಪು ಕಣ್ಣಿಗಿಳಿಯಿತು. ಬಟ್ಟಲನ್ನು ಹಿಂದಕ್ಕೆ ಸರಿಸಿದ, ಕುತ್ತಿಗೆಯೊಳಗೆ ಇಳಿಯಿತು. ಕೆಂಡದಂಥ ಕಣ್ಣು ಮಾಡಿಕೊಂಡು ಊಟಕ್ಕೆ ಬಂದವನನ್ನು ನೋಡಿ ವಾಂಡಾಗೆ ರೇಗಿತು.

"ಒಂದರಲ್ಲಿ ಯಾಕೆ ಹೆಣಗ್ತೀಯ? ಎರಡು ಮಾಡು. ಎದುರುಬದುರು ಕೂರ್ಸು. ಅವಳದ್ದು ಇವಳು ನೋಡ್ಲಿ, ಇವಳದ್ದು ಅವಳು ನೋಡ್ಲಿ."

ಬ್ರೂನೋ ಚಮಚ ಕೆಳಗಿಟ್ಟು ಹೆಂಡತಿಯನ್ನೇ ನೋಡಿದ. ಮಾರನೆಯ ದಿನ ಜೋಡಿಯಾಗಿಯೇ ಮಾರಬೇಕು, ಬಿಡಿಯಾಗಿ ಕೂಡದು ಎಂದು ಲಿಪ್ಸ್ಕಿಯ ಮುಂದೆ ಹಟ ಹಿಡಿದು ನಿಂತ. "ಒಂಟಿ ಮಗು ಏನು ಮಾಡ್ಬೇಕಯ್ಯಾ?" ಎಂದು ಲಿಪ್ಸ್ಕಿ ಕೂಗಾಡಿದರು. "ಇನ್ನೊಂದನ್ನ ಕರ್ಕೊಂಡು ಬರುತ್ತೆ," ಎಂದ ಬ್ರೂನೋ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಕೊನೆಗೆ ಲಿಪ್ಸ್ಕಿಯೇ ಸೋತರು.

*

ಚರ್ಚಿನಲ್ಲಿ ಜನ ಕಡಿಮೆ. ಹಿಮಕ್ಕೆ ಹೆದರಿ ಮನೆಯಲ್ಲೇ ಉಳಿದವರು ಬಹಳ; ಬಂದವರಲ್ಲಿ ಹೆಚ್ಚಿನವರು ಅಜ್ಜಿಯರು. ಪೂಜೆ ಮುಗಿದ ಮೇಲೆ ವಾಂಡಾ ಬಾಗಿಲ ಬಳಿ ನಿಂತು ಬಂದವರ ಕೈ ಹಿಡಿದು ಮಾತಾಡುತ್ತಲೇ ತೋಳು ಹೆಗಲುಗಳನ್ನು ಅಳೆಯುತ್ತಿದ್ದಳು. ಇವನಿಗೆ ಉಬ್ಬಸ, ಅವನಿಗೆ ಸೊಂಟ.

ಲಿಪ್ಸ್ಕಿ ಚಕ್ರದ ಊರುಗೋಲು ತಳ್ಳುತ್ತ ಬಂದರು. ತೊಂಬತ್ತರ ಹತ್ತಿರದ ಮುದುಕ.

"ಹೊರೋಕೆ ಜನ ಕಮ್ಮಿ ಆದ್ರಂತೆ? ನಾನಿದ್ದೀನಿ ವಾಂಡಾ."

"ನೀವು ಕೈ ಹಾಕಿದ್ರೆ ಎರಡು ಪೆಟ್ಟಿಗೆ ಬೇಕಾಗುತ್ತೆ ಯಜಮಾನ್ರೆ," ಎಂದ ಜಿಗ್ಗಿ. ಮುದುಕ ನಗುತ್ತಲೇ ಅತ್ತುಬಿಟ್ಟರು. "ಮೂವತ್ತು ವರ್ಷ ನನ್ ಜೊತೆ ಜಗಳ ಆಡ್ದ ಕಣಯ್ಯಾ. ಇನ್ನು ನನ್ ಹತ್ರ ಯಾರು ಜಗಳ ಆಡ್ತಾರೆ?"

ಆಗ ಬಸ್ಸಿನ ಚಾಲಕರ ನೀಲಿ ಕೋಟು ತೊಟ್ಟ ಎತ್ತರದ ಹೆಂಗಸೊಬ್ಬಳು ಕೈಗವಸು ಕಳಚುತ್ತ ಮುಂದೆ ಬಂದಳು. "ಡ್ಯೂಟಿಯಿಂದ ನೇರ ಬಂದೆ, ಕ್ಷಮಿಸಿ. ಗುರುತು ಸಿಕ್ತಾ ಮಿಸೆಸ್ ಸೋಬ್‌ಚಾಕ್? ನಾನು ರೋಶೆಲ್. ಮೂಲೆ ಮನೆಯವಳು. ಟೊಪ್ಪಿಗೆ ಎಸೆದು ಅತ್ತಿದ್ನಲ್ಲ."

"ನೀನಾ! ಗುಬ್ಬಿಮರಿ ಥರ ಇದ್ದೆ!"

"ಈಗ ಬಸ್ಸೇ ಆಗಿದ್ದೀನಿ," ಎಂದು ರೋಶೆಲ್ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನನ್ನೆದುರು ಕೂರೋಕೆ ಯಾವ ಹುಡುಗರೂ ಒಪ್ತಿರಲಿಲ್ಲ. ಜೋಡಿ ಮಾಡುವಾಗ ಪ್ರತಿ ಸಲ ನಾನೇ ಉಳೀತಿದ್ದೆ. ಉಳಿದೋರ ಎದುರಿಗೆ ಮಿಸ್ಟರ್ ಸೋಬ್‌ಚಾಕ್ ಅವರೇ ಕೂರ್ತಿದ್ರು. ನಂದು ಎದ್ದಾಗೆಲ್ಲ, 'ಅಗೋ ಹೋಯ್ತು, ಮರದ ಮೇಲೆ ಹೋಯ್ತು, ಈಗ ಟಪ್ ಅಂತು' ಅಂತ ಹೇಳೋರು. ಆಟ ಮುಗಿದ ಮೇಲೆ ಎಲ್ಲರೂ ಅಡುಗೆಮನೆ ಕಿಟಕಿಗೆ ಕೈ ಬೀಸ್ಬೇಕಿತ್ತು. ಅದು ಅವರ ಕಟ್ಟಪ್ಪಣೆ. 'ಜೋಡಿ ಮಾಡಿದ್ದು ಅವಳು, ಪರದೆ ಹಿಂದೆ ಇದ್ದಾಳೆ, ಬೀಸ್ರೋ' ಅನ್ನೋರು. ನಿಜವಾಗ್ಲೂ ಇರ್ತಿದ್ರಾ ಅಲ್ಲಿ?"

ಆ ಕೈಗಳನ್ನು ವಾಂಡಾ ಎಷ್ಟು ಶನಿವಾರ ಕಂಡಿದ್ದಳು! ಮಕ್ಕಳು ಗುಳ್ಳೆ ಹಿಡಿಯುತ್ತಿದ್ದಾರೆ ಎಂದುಕೊಂಡಿದ್ದಳು. ತನಗೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಒಂದು ಸಲವಾದರೂ ಪರದೆ ಸರಿಸಿ ಕೈ ಬೀಸಿದ್ದರೆ ಬ್ರೂನೋನ ಮುಖ ಹೇಗಾಗುತ್ತಿತ್ತೋ!

"ಇರ್ತಿದ್ದೆ ಮಗಾ. ಪ್ರತಿ ಸಲ ಇರ್ತಿದ್ದೆ." ರೋಶೆಲಳ ಎರಡೂ ಕೈ ಹಿಡಿದಳು. "ನನಗೊಂದು ಉಪಕಾರ ಮಾಡ್ತೀಯಾ? ಇವನನ್ನ ಹೊರೋಕೆ ಕೈ ಕೊಡ್ತೀಯಾ?"

"ನಾನಾ?"

"ಹೆಂಗಸರು ಸಾಮಾನ್ಯವಾಗಿ..." ಎಂದ ಡೆಲೇನಿ.

"ಲೋ, ಹಿಮದಲ್ಲಿ ಬಸ್ ಓಡ್ಸೋಳು ಅವಳು. ಪೆಟ್ಟಿಗೆ ಜೊತೆ ನಿನ್ನನ್ನೂ ಎತ್ತಿಟ್ಟಾಳು, ಸುಮ್ನಿರು," ಎಂದ ಜಿಗ್ಗಿ.

ಐದು ಜನರಾದರು.

*

ಬ್ರೂನೋ ವಾಂಡಾಗೆ ಟೊಪ್ಪಿಗೆ ಹಾಕಿಕೋ ಎಂದು ಕೇಳಿದ್ದು ಒಂದೇ ಸಲ. "ಈಗಷ್ಟೇ ಕೂದಲು ಸೆಟ್ ಮಾಡಿಸ್ಕೊಂಡು ಬಂದಿದ್ದೀನಿ," ಎಂದಿದ್ದಳು. ಕೂದಲು ಒಂದು ನೆಪ. ಅದು ಅವನಿಗೂ ಗೊತ್ತಿತ್ತು. ಅವನು ಮತ್ತೆ ಕೇಳಲಿಲ್ಲ. ಸಂಜೆ ಊಟವಾದ ಮೇಲೆ ಹೊಸ ಮಾದರಿ ಏರಿಸಿಕೊಂಡು ಮೇಜಿನ ಆಚೆ ಕೂರುತ್ತಿದ್ದ. ವಾಂಡಾ ಬರಿತಲೆಯಲ್ಲಿ ಈಚೆ ಕೂತು ಬಟಾಣಿ ಸುಲಿಯುತ್ತಲೋ ಕಾಲುಚೀಲ ಹೊಲಿಯುತ್ತಲೋ ನೋಡಿ ಹೇಳುತ್ತಿದ್ದಳು.

"ಸಣ್ಣದು. ಇದು ಹುಟ್ಟೋಕ್ ಮುಂಚೆ ಒಡೀತು. ಇದು ಜೋರಾಗಿದೆ. ಅಯ್ಯೋ, ಬೀರು ಮೇಲೆ ಹೋಯ್ತು ನೋಡು. ಎರಡು ಅಂಟ್ಕೊಂಡ್ವು. ಊದು, ಇನ್ನೊಂದ್ಸಲ ಊದು."

ಅವನು ತನ್ನ ಗುಳ್ಳೆಗಳನ್ನು ನೋಡುತ್ತಿರಲಿಲ್ಲ. ಅವುಗಳ ಹಿಂದೆ ಹೋಗುವ ಹೆಂಡತಿಯ ಕಣ್ಣನ್ನು ನೋಡುತ್ತಿದ್ದ. ಕಾರ್ಖಾನೆ ಬಿಟ್ಟ ಮೇಲೂ, ಉಸಿರು ಸಾಲದಾದ ಕೊನೆಯ ಚಳಿಗಾಲದಲ್ಲೂ ಈ ಆಟ ನಡೆದೇ ಇತ್ತು.

*

ಸ್ಮಶಾನದಲ್ಲಿ ರಸ್ತೆಯಿಂದ ಗುಂಡಿಯವರೆಗೆ ಯಾರೋ ಹಿಮ ಸರಿಸಿ ಹಾದಿ ಮಾಡಿದ್ದರು. ಅದರ ಮೇಲೆ ಆಗಲೇ ಹೊಸ ಹಿಮ ಕೂತಿತ್ತು. ಪೆಟ್ಟಿಗೆ ಶವವಾಹನದಿಂದ ಹೊರಬಂತು. ಮುಂದೆ ಅಚ್ಚಿನ ಯಂತ್ರದ ಇಬ್ಬರು, ನಡುವೆ ಪಕ್ಕದ ಮನೆಯ ಅಣ್ಣತಮ್ಮಂದಿರು, ಹಿಂದೆ ಬಲಗಡೆ ರೋಶೆಲ್. ಅವಳ ಎದುರಿನ ಹಿಡಿ ಖಾಲಿ.

ಡೆಲೇನಿ ಕಣ್ಣಲ್ಲೇ ಸನ್ನೆ ಮಾಡಿದ. ಕಪ್ಪು ಕೋಟಿನ ಹುಡುಗನೊಬ್ಬ ಸದ್ದಿಲ್ಲದೆ ಬಂದು ಆ ಹಿಡಿಗೆ ಕೈ ಹಾಕಿದ.

"ನೀನು ಒಳ್ಳೇ ಹುಡುಗ ಕಣಪ್ಪಾ," ಎಂದಳು ವಾಂಡಾ. "ಕೈ ತೆಗಿ."

ಕೈಚೀಲವನ್ನು ಜಿಗ್ಗಿಯ ಎದೆಗೆ ಒತ್ತಿದಳು. ಜಾರಬಾರದೆಂದು ಕೈಗವಸು ಕಳಚಿ ಜೇಬಿಗೆ ತುರುಕಿದಳು.

"ಮಿಸೆಸ್ ಸೋಬ್‌ಚಾಕ್, ಹೆಂಡತಿ ಹೊರೋದು ಪದ್ಧತಿ ಇಲ್ಲ," ಎಂದ ಡೆಲೇನಿ ಗಾಬರಿಯಿಂದ. "ಜಾರಿಬಿದ್ದರೆ?"

"ಬಿದ್ರೆ ಎತ್ತೋಕೆ ಇಷ್ಟು ಜನ ಇದ್ದಾರಲ್ಲ."

"ವಾಂಡಾ, ನಿನ್ ಕೈಲಾಗುತ್ತೇನೇ?" ಜಿಗ್ಗಿ ಕೇಳಿದ.

"ಆಗುತ್ತೋ ಬಿಡುತ್ತೋ. ನನ್ ಗಂಡ ಕಣೋ."

ಹಿಡಿಯ ಕಬ್ಬಿಣ ಅಂಗೈ ಕೊರೆಯುವಷ್ಟು ತಣ್ಣಗಿತ್ತು. ಮುಂದಿನವರು "ಹೂಂ" ಎಂದರು, ಪೆಟ್ಟಿಗೆ ಮೇಲೆದ್ದಿತು. ಇಷ್ಟೊಂದು ಭಾರವೇ ಎಂದು ವಾಂಡಾ ಬೆಚ್ಚಿದಳು. ಮೊದಲ ಹೆಜ್ಜೆ ಗಂಡಸರ ಹೆಜ್ಜೆ. ಆಕೆಯ ಕಾಲು ಹಿಂದೆ ಬಿತ್ತು, ಹಿಡಿ ಬೆರಳುಗಳನ್ನು ಎಳೆಯಿತು, ಪೆಟ್ಟಿಗೆ ಒಂದು ಬದಿಗೆ ವಾಲಿತು. ರೋಶೆಲ್ ತನ್ನ ಕಡೆಯಿಂದ ಸೆಳೆದು ನೇರ ಮಾಡಿದಳು. ಯಾರೂ ಹಿಂತಿರುಗಿ ನೋಡಲಿಲ್ಲ. ಮುಂದಿನಿಬ್ಬರು ನಡಿಗೆ ತಗ್ಗಿಸಿದರು, ನಡುವಿನವರು ತಗ್ಗಿಸಿದರು. ದೊಡ್ಡ ದೊಡ್ಡ ಬೂಟುಗಳ ನಾಲ್ವರು ಗಂಡಸರು ಒಂದು ಗೇಣು, ಮತ್ತೊಂದು ಗೇಣು ಎಂದು ಕಾಲಿಡುತ್ತ, ಮುದುಕಿಯ ಹೆಜ್ಜೆಯಷ್ಟೇ ಸಣ್ಣ ಹೆಜ್ಜೆಯಲ್ಲಿ ಹಿಮದ ಹಾದಿಯುದ್ದಕ್ಕೂ ನಡೆದರು.