ಗಸ್ತಿನವರ ಅಟ್ಟೆ

ಸೈನಿಕರ ಬೂಟಿಗೆ ಅಟ್ಟೆ ಹಾಕುವುದು ನಮ್ಮಪ್ಪನ ಕಾಲದಿಂದಲೂ ನಮ್ಮ ಕಸುಬು. ಹೊಸ ಅಟ್ಟೆಯ ಹಿಮ್ಮಡಿಗೆ ನಾನು ಮೂರು ಚುಕ್ಕೆಯ ಅಚ್ಚು ಒತ್ತುತ್ತೇನೆ. ಪಂಪ್‌ಹೌಸ್ ಇರುವ ಗುಡ್ಡದ ದಾರಿಯೆಲ್ಲ ಚೂಪು ಜಲ್ಲಿ. ದಿನಾ ಹತ್ತಿ ಇಳಿಯುವವರ ಚುಕ್ಕೆ ಒಂದು ವಾರ ಉಳಿಯುವುದಿಲ್ಲ.

ಊರಿಗೆಲ್ಲ ನೀರು ಬರುವುದು ಆ ಪಂಪಿನಿಂದ. ಅದನ್ನು ಕಾಯಲೆಂದೇ ದಿನಕ್ಕೆರಡು ಸಲ ಸೈನಿಕರ ಗಸ್ತು. ನನ್ನ ತಮ್ಮ ಅಲ್ಲಿ ಪಂಪು ನಡೆಸುವವನು. ಹೋದ ಸೋಮವಾರ ಬೆಳಿಗ್ಗೆ ಬೀಗ ತೆಗೆಯಲು ಹೋದರೆ ಬೀಗವೂ ಇಲ್ಲ, ಮೋಟಾರೂ ಇಲ್ಲ. ಓಡಿ ಬಂದು ದೂರು ಕೊಟ್ಟವನನ್ನೇ ಹಿಡಿದು ಒಳಗೆ ಹಾಕಿದರು. ಗಸ್ತಿನವರು ಎರಡು ಹೊತ್ತೂ ಮೇಲೆ ಹೋಗಿದ್ದರಂತೆ, ಅವನನ್ನು ಬಿಟ್ಟು ಒಂದು ನರಪಿಳ್ಳೆಯನ್ನೂ ಕಂಡಿಲ್ಲವಂತೆ. ಜಿರಳೆ ಕಂಡರೆ ಮಂಚ ಹತ್ತುವವನು ಮೋಟಾರು ಹೊತ್ತನಂತೆ! ನಾಳೆ ಅವನನ್ನು ದೂರದ ಜೈಲಿಗೆ ಸಾಗಿಸುತ್ತಾರೆಂದು ಕೇಳಿ ನನ್ನ ಮೈಯೆಲ್ಲ ಉರಿಯಿತು.

ಕೈಗೆ ಮೆತ್ತಿದ್ದ ಅಂಟನ್ನೂ ತೊಳೆಯದೆ ಶಿಬಿರಕ್ಕೆ ನುಗ್ಗಿದೆ. ಸಾಹೇಬರ ಕೋಣೆಯಲ್ಲಿ ಗಸ್ತಿನ ಐವರೂ ಸಾಲಾಗಿ ನಿಂತು ಹೇಳಿಕೆ ಕೊಡುತ್ತಿದ್ದರು. ಮೂಲೆಯಲ್ಲಿ ಬೇಡಿ ಹಾಕಿಸಿಕೊಂಡ ತಮ್ಮ.

"ಯಾರಮ್ಮ ನೀನು?" ಎಂದರು ಸಾಹೇಬರು.

"ಇವನ ಅಕ್ಕ. ಇವರೆಲ್ಲರ ಬೂಟು ಹೊಲಿಯೋಳು. ಗಸ್ತು ಯಾಕಿರೋದು ಸಾರ್?"

"ಊರು ಕಾಯೋಕೆ. ಇದನ್ನ ಕೇಳೋಕೆ ಬಂದ್ಯಾ?"

"ಗುಡ್ಡ ಹತ್ತಿದ್ರೆ ತಾನೇ ಕಾಯೋದು? ಎರಡು ತಿಂಗಳ ಹಿಂದೆ ಐದು ಜನಕ್ಕೂ ಹೊಸ ಅಟ್ಟೆ ಹಾಕಿದೀನಿ. ನನ್ನ ಅಚ್ಚು ಸವೆದಿದ್ಯಾ ನೋಡಿ. ಜಲ್ಲಿ ಯಾರ ಮುಲಾಜೂ ನೋಡಲ್ಲ."

"ಅಕ್ಕಾ, ಸುಮ್ನಿರೇ," ಎಂದ ತಮ್ಮ. ಹೆದರುಪುಕ್ಕಲ.

"ಬೂಟು ನೋಡಿ ನ್ಯಾಯ ಹೇಳ್ಬೇಕಾ? ನಡಿ ಆಚೆ!" ಸಾಹೇಬರು ರೇಗಿದರು. ಗಸ್ತಿನ ಮುಖಂಡ, ಊರವರೆಲ್ಲ ಮೀಸೆ ಎಂದೇ ಕರೆಯುವ ಆಸಾಮಿ, ಮುಸಿಮುಸಿ ನಗುತ್ತಿದ್ದ.

ನಾನು ಆಚೆ ಹೋಗಲಿಲ್ಲ. ಮೀಸೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅಂಗಡಿಯಲ್ಲಿ ಮಾಡುವ ಹಾಗೆ, ಅವನ ಕಣಕಾಲಿಗೆ ಎರಡು ಸಲ ತಟ್ಟಿದೆ.

"ಕಾಲೆತ್ತಿ."

ಹತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಎತ್ತಿ ನನ್ನ ಕೈಗೇ ಕೊಟ್ಟುಬಿಟ್ಟ! ತಪ್ಪು ತಿಳಿದು ಎಳೆದುಕೊಳ್ಳುವಷ್ಟರಲ್ಲಿ ಅಟ್ಟೆಯನ್ನು ಸಾಹೇಬರ ಕಡೆ ತಿರುಗಿಸಿದ್ದೆ. ಮೂರು ಚುಕ್ಕೆಯೂ ಎಣಿಸುವಂತಿದ್ದವು. ಮೀಸೆ ಒಂಟಿ ಕಾಲಲ್ಲಿ ಕುಂಟುತ್ತ ಮೇಜು ಹಿಡಿದ.

ಸಾಹೇಬರು ಬಗ್ಗಿ ಚುಕ್ಕೆಗಳನ್ನು ಮುಟ್ಟಿ ನೋಡಿದರು. "ಉಳಿದೋರೂ ಎತ್ತಿ," ಎಂದರು ಕೊನೆಗೆ. ಎಲ್ಲರದೂ ಅಷ್ಟೇ. ಕೊನೆಯಲ್ಲಿ ನಿಂತವನು ಬಾಯಿಬಿಟ್ಟ: "ಗುಡ್ಡದ ಬುಡದಲ್ಲೇ ಇಸ್ಪೀಟು ಆಡ್ತಿದ್ವಿ ಸಾರ್. ಮೇಲಕ್ಕೆ ಯಾರೂ ಹೋಗ್ತಿರ್ಲಿಲ್ಲ."

ತಮ್ಮನ ಬೇಡಿ ಬಿಚ್ಚಿದರು. ಹೊರಡುವಾಗ ಸಾಹೇಬರು ದನಿ ತಗ್ಗಿಸಿ, "ಈ ವಿಷಯ ಇಲ್ಲೇ ಇರಲಮ್ಮ. ಸೈನ್ಯದ ಮರ್ಯಾದೆ," ಎಂದರು.

"ಒಂದು ವಾರದಿಂದ ನೀರಿಲ್ದೆ ಒದ್ದಾಡ್ತಿರೋದು ನಮ್ಮ ಬೀದಿ ಸಾರ್. ಎಲ್ಲರಿಗೂ ಹೇಳ್ತೀನಿ."

ಹೇಳಿದೆ, ಮನೆ ಮನೆಗೂ.

ಈಗ ಗಸ್ತು ಗುಡ್ಡ ಇಳಿದು ನನ್ನ ಅಂಗಡಿ ಮುಂದೆಯೇ ಶಿಬಿರಕ್ಕೆ ಮರಳಬೇಕು, ಬೇರೆ ದಾರಿಯಿಲ್ಲ. ಆ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಕೊಡ ಹಿಡಿದು ಬಾಗಿಲಿಗೆ ಬರುತ್ತಾರೆ. ನಾನು ಕೂತಲ್ಲಿಂದ ಏಳುವುದಿಲ್ಲ. ಬಾಯಲ್ಲಿದ್ದ ದಾರ ತೆಗೆದು, "ಕಾಲೆತ್ತಿ," ಎನ್ನುತ್ತೇನೆ.

ಕೋವಿ ಹೆಗಲಲ್ಲಿದ್ದಂತೆಯೇ ಐವರೂ ಎತ್ತುತ್ತಾರೆ.