ತಂತಿ ಇರೋತನಕ

ಮೊದಲ ಸಲ ಕಚ್ಚಿದಾಗ ಏನೂ ಆಗಲಿಲ್ಲ. ಡಾಣಿ ಉಂಡಿ ಕಲ್ಲಿನಂತಿತ್ತು. ಹಲ್ಲಿಗೆ ಬಿಗಿದ ತಂತಿ ಅದರ ಮೇಲೆ ಜಾರಿ ಕಿರ್ರೆಂದಿತು. ಸೂಗಮ್ಮ ಕಾಳಿನ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ, ಉಂಡಿಯನ್ನು ಎಡಗಡೆಗೆ ಸರಿಸಿಕೊಂಡು, ಕಣ್ಣು ಮುಚ್ಚಿ ಇನ್ನೊಮ್ಮೆ ಕಚ್ಚಿದಳು. ಈ ಸಲ ಬೆಲ್ಲದ ಪಾಕ ಬಿರಿಯಿತು. ಕಡಲೆಹಿಟ್ಟಿನ ಸೇವು ಮುರಿದು, ಏಲಕ್ಕಿಯ ವಾಸನೆ ಮೂಗಿಗೇರಿ, ನಾಲಿಗೆಯ ಕೆಳಗೆಲ್ಲ ನೀರೂರಿತು. ತಂತಿ ಮಾತ್ರ ಗಟ್ಟಿಯಾಗಿಯೇ ಇತ್ತು.

ಅವಳು ಬಂದ ಕೆಲಸ ಮರೆತಳು. ಹದಿನೆಂಟು ತಿಂಗಳಾಗಿತ್ತು ಏನನ್ನಾದರೂ ಕಚ್ಚಿ ತಿಂದು. ಹಾಲಿನಲ್ಲಿ ನೆನೆಸಿದ ರೊಟ್ಟಿ, ಮಿದ್ದ ಅನ್ನ, ಕಿವುಚಿದ ಬಾಳೆಹಣ್ಣು. ಹೋದ ವರ್ಷದ ಪಂಚಮಿಗೆ ಅತ್ತೆ ವೀರಭದ್ರಮ್ಮ ಬೀಗರ ಎದುರಿಗೆ ಅವಳ ಪಾಲಿನ ಉಂಡಿಯನ್ನು ಒರಳಿಗೆ ಹಾಕಿ ಕುಟ್ಟಿ, ಬಟ್ಟಲಿನಲ್ಲಿ ಚಮಚೆ ಇಟ್ಟು ಕೊಟ್ಟಿದ್ದಳು. "ನಮ್ಮ ಸೊಸಿಗೆ ಈಗ ಹಲ್ಲು ಬರಾಕತ್ತಾವ" ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಸೂಗಮ್ಮನೂ ತುಟಿ ಮುಚ್ಚಿಕೊಂಡು ನಕ್ಕಿದ್ದಳು.

ಆ ತಂತಿ ಹಾಕಿಸಿದ್ದೂ ವೀರಭದ್ರಮ್ಮನ ಮಾತಿಗೇ. ಹೆಣ್ಣು ನೋಡಲು ದೇವದುರ್ಗದಿಂದ ಮಾನ್ವಿಗೆ ಬಂದವಳು ಹುಡುಗಿಯ ಗದ್ದ ಹಿಡಿದೆತ್ತಿ, ಎಲ್ಲಾ ಚೊಲೋ ಅದ, ಹಲ್ಲಷ್ಟು ಒಳಗ ಹಾಕಿಸಿ ಕೊಡ್ರಿ ಅಂದಿದ್ದಳು. ಅಕ್ಕಿ ಮಿಲ್ಲಿನ ಶಂಭುಲಿಂಗಪ್ಪ ಮಗಳನ್ನು ರಾಯಚೂರಿಗೆ ಕರೆದೊಯ್ದು, ಹೈದರಾಬಾದಿನಿಂದ ತಿಂಗಳಿಗೊಮ್ಮೆ ಅಲ್ಲಿಗೆ ಬರುವ ಹಲ್ಲಿನ ಡಾಕ್ಟರಿಂದ ಮೇಲೂ ಕೆಳಗೂ ಮುಂದಿನ ನಾಲ್ಕು ನಾಲ್ಕು ಹಲ್ಲಿಗೆ ಉಕ್ಕಿನ ಉಂಗುರ ಹಾಕಿಸಿ ತಂತಿ ಬಿಗಿಸಿದ. ಮುಂದಿನ ತಿಂಗಳೇ ಮದುವೆಯಾಯಿತು. ರಾಯಚೂರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಅರ್ಧಕ್ಕೆ ನಿಂತಿತು.

ನಿಂತಿತು ಎಂದು ದೇವದುರ್ಗದ ಮನೆಯವರು ತಿಳಿದಿದ್ದರು. ತಿಂಗಳ ಎರಡನೆಯ ಶನಿವಾರ ಗಂಡ ಅಮರೇಶ ಅವಳನ್ನು ಮುಂಜಾನೆಯ ಬಸ್ಸಿನಲ್ಲಿ ರಾಯಚೂರಿಗೆ ಕರೆದೊಯ್ದು, ದವಾಖಾನೆಯ ಬಾಗಿಲಲ್ಲಿ ಬಿಟ್ಟು ಗಂಜ್ ಮಾರುಕಟ್ಟೆಯ ಕಡೆ ಹೋಗುತ್ತಿದ್ದ. ತಂತಿ ಬಿಗಿ ಮಾಡಲು ಅರ್ಧ ತಾಸು ಸಾಕಾಗುತ್ತಿತ್ತು. ಉಳಿದ ಐದು ತಾಸು ಸೂಗಮ್ಮ ತನ್ನ ಇತಿಹಾಸದ ಲೆಕ್ಚರರ್ ಶಹಜಾದಿ ಬೇಗಂ ಅವರ ಮನೆಯಲ್ಲಿ ಕೂತು ಓದುತ್ತಿದ್ದಳು. ಬಿಗಿ ಮಾಡಿದ ದಿನ ದವಡೆಯೆಲ್ಲ ಸಿಡಿಯುತ್ತಿತ್ತು. ಆದರೂ ತಿಂಗಳಿಡೀ ಅವಳು ಆ ನೋವಿನ ದಾರಿ ಕಾಯುತ್ತಿದ್ದಳು.

ಗಂಡನಿಗೆ ಮಾತ್ರ ಹೇಳಿದ್ದಳು. ಮೂರನೆಯ ತಿಂಗಳು, ತಿರುಗಿ ಬರುವ ಬಸ್ಸಿನಲ್ಲಿ, ಕಲ್ಮಲ ದಾಟಿದ ಮೇಲೆ. ಅವನು ಕಿಟಕಿಯ ಹೊರಗೆ ನೋಡುತ್ತ, "ಓದ್ಕೋ. ಅವ್ವಗ ಮಾತ್ರ ಗೊತ್ತಾಗಬಾರ್ದು" ಅಂದಿದ್ದ. ಆ ಮನೆಯಲ್ಲಿ ಅವಳೊಬ್ಬಳಿಗೇ ಎಂದು ಯಾರಾದರೂ ಆಡಿದ ಮೊದಲ ಮಾತು ಅದು. ಕಸ ಹೊಡೆಯುವಾಗ, ರೊಟ್ಟಿ ಬಡಿಯುವಾಗ ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

ಹೋದ ತಿಂಗಳು ಡಾಕ್ಟರು ಅವಳ ಕೈಗೆ ಕನ್ನಡಿ ಕೊಟ್ಟು, ಹಲ್ಲು ಸಾಲಿಗೆ ಬಂದವು, ಮುಂದಿನ ಸಲ ತಂತಿ ಬಿಚ್ಚೋಣ ಅಂದರು. ಸೂಗಮ್ಮ ಕನ್ನಡಿ ನೋಡಲಿಲ್ಲ. ಪರೀಕ್ಷೆ ಅಕ್ಟೋಬರಿನಲ್ಲಿತ್ತು. ಫಾರ್ಮು ತುಂಬಲು ಒಮ್ಮೆ, ಹಾಲ್ ಟಿಕೆಟಿಗೆ ಇನ್ನೊಮ್ಮೆ ರಾಯಚೂರಿಗೆ ಬರಬೇಕಿತ್ತು. ದಸರೆಗೆ ತವರಿಗೆ ಹೋದರೆ ಅಪ್ಪ ಹೇಗಾದರೂ ಪರೀಕ್ಷೆಗೆ ಕೂಡಿಸುತ್ತಿದ್ದ. ಅಲ್ಲಿಯವರೆಗೆ ಈ ತಂತಿ ಬಾಯಲ್ಲಿರಬೇಕಿತ್ತು. ಗಟ್ಟಿ ಪದಾರ್ಥ ತಿಂದು ತಂತಿ ಮುರಿದುಕೊಂಡರೆ ಮತ್ತೆ ಮೂರು ತಿಂಗಳು ಎಂದು ಡಾಕ್ಟರು ಮೊದಲಿನಿಂದ ಹೆದರಿಸುತ್ತಿದ್ದುದು ಬಸ್ಸಿನಲ್ಲಿ ನೆನಪಾಗಿತ್ತು.

ಈ ಪಂಚಮಿಗೂ ಅವಳನ್ನು ತವರಿಗೆ ಕಳಿಸಿರಲಿಲ್ಲ. ತಂತಿ ತೆಗೆದ ಮೇಲೆ ಹೋಗಲಿ, ನಾಲ್ಕು ಮಂದಿ ಚಂದಾಗಿ ನೋಡಲಿ ಎಂದಿದ್ದಳು ವೀರಭದ್ರಮ್ಮ. ತಾಯಿ ಉಂಡಿಯ ಡಬ್ಬಿಯನ್ನು ಮಿಲ್ಲಿನ ಲಾರಿ ಡ್ರೈವರ್ ದಸ್ತಗೀರ್ ಸಾಬ್ ಕೈಯಲ್ಲಿ ಕಳಿಸಿದ್ದಳು. ಮೇಲೆ ಸೂಗಮ್ಮನಿಗೆಂದು ಮೆತ್ತಗಿನ ತಂಬಿಟ್ಟು, ಅಡಿಯಲ್ಲಿ ಉಳಿದವರಿಗೆಂದು ಶೇಂಗಾ ಉಂಡಿ, ಡಾಣಿ ಉಂಡಿ.

ಎರಡನೆಯ ಉಂಡಿಯ ಅರ್ಧಕ್ಕೆ ಟಕ್ ಎಂದಿತು. ಬಾಯೊಳಗೆ ಏನೋ ಚುಚ್ಚಿತು. ಬೆರಳು ಹಾಕಿ ನೋಡಿದರೆ ಮೇಲಿನ ತಂತಿ ಎಡಗಡೆ ಕಿತ್ತು, ಅದರ ತುದಿ ಗಲ್ಲದೊಳಗೆ ನೆಟ್ಟಿತ್ತು. ಬೆಲ್ಲದ ಜೊತೆ ಉಪ್ಪುಪ್ಪು ರುಚಿ. ಸೂಗಮ್ಮ ಉಳಿದರ್ಧವನ್ನೂ ಬಲಗಡೆಯಿಂದ ನಿಧಾನಕ್ಕೆ ತಿಂದು ಮುಗಿಸಿದಳು. ಅಷ್ಟು ರುಚಿಯಾದದ್ದನ್ನು ಅವಳು ಆ ಮನೆಯಲ್ಲಿ ತಿಂದಿರಲಿಲ್ಲ.

ತಂತಿ ಕಿತ್ತಿತೆಂದು ಹೋಗಿ ಹೇಳಿದಾಗ ವೀರಭದ್ರಮ್ಮ ಬೈಯಲಿಲ್ಲ. ಸೊಸೆಯನ್ನು ಬೆಳಕಿಗೆ ಕೂಡಿಸಿ, ತುಟಿ ಎತ್ತಿ ನೋಡಿದಳು.

"ಎಷ್ಟು ತಿಂದಿ?"

"ಎರಡು."

"ರುಚಿ ಇದ್ವಾ?"

ಸೂಗಮ್ಮ ತಲೆಯಾಡಿಸಿದಳು.

"ಇರ್ಲಿ ಬಿಡು. ಹಬ್ಬದಾಗ ತಿನ್ನಲಾರ್ದ ಮತ್ತ್ಯಾವಾಗ ತಿಂತಿ."

ಪಂಚಮಿಯ ದಿನ ಕಬ್ಬಿಣ ಮುಟ್ಟುವುದಿಲ್ಲ, ನಾಳೆ ಮುಂಜಾನೆ ನೋಡೋಣ ಅಂದಳು. ಕಂಬಕ್ಕೆ ಒರಗಿ ಕೂತಿದ್ದ ಅಮರೇಶನಿಗೂ ಅದನ್ನೇ ಹೇಳಿದಳು. ಅವನು ಹೂಂ ಅಂದ. ಆ ಸಂಜೆ ಓಣಿಯ ಹೆಂಗಸರೆಲ್ಲ ಜೋಕಾಲಿ ಆಡುವಾಗ ಸೂಗಮ್ಮ ಒಳಗೆ ಕೂತು ಚೀಲ ತುಂಬಿದಳು. ಸೀರೆಯ ಮಡಿಕೆಯಲ್ಲಿ ನೋಟ್ಸಿನ ಹಾಳೆಗಳನ್ನಿಟ್ಟಳು. ನಾಳೆ ಎರಡನೆಯ ಶನಿವಾರವಲ್ಲ, ಡಾಕ್ಟರು ಇರುವುದಿಲ್ಲ ಎಂದು ಗೊತ್ತಿತ್ತು. ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಮತ್ತೊಮ್ಮೆ ಬರಬೇಕಾಗುತ್ತದೆ. ಗಲ್ಲ ಉರಿಯುತ್ತಿತ್ತು. ಅತ್ತೆ ಯಾಕೆ ಬೈಯಲಿಲ್ಲ ಎಂಬುದೊಂದೇ ಅವಳನ್ನು ಕಾಡಿತು.

ಮುಂಜಾನೆ ಚೀಲ ಹಿಡಿದು ಅಂಗಳಕ್ಕೆ ಬಂದಳು. ವೀರಭದ್ರಮ್ಮ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು, ಒಳಗಿಟ್ಟು ಬಂದು, "ಇಲ್ಲೇ ಮೋನಪ್ಪನ ಮನಿತನ ಹೋಗಾಕ ಚೀಲ ಯಾಕ" ಅಂದಳು.

ಮೋನಪ್ಪ ಆ ಓಣಿಯ ಪತ್ತಾರ, ಚಿನ್ನ ಬೆಳ್ಳಿಯ ಕೆಲಸದವನು. ಬಾತ ಬೆರಳಿನಲ್ಲಿ ಸಿಕ್ಕ ಉಂಗುರ, ಮೂಗಿನಲ್ಲಿ ಹೂತುಹೋದ ಮೂಗುತಿ, ಇವನ್ನೆಲ್ಲ ಚರ್ಮಕ್ಕೆ ತಾಗದಂತೆ ಕತ್ತರಿಸಿ ತೆಗೆಯುವುದರಲ್ಲಿ ಹೆಸರಾದವನು. ಅವನು ಸೂಗಮ್ಮನ ಬಾಯಿ ನೋಡಿ ಇಕ್ಕಳ ಕೆಳಗಿಟ್ಟ.

"ಇದು ನಮ್ಮ ಕೆಲಸ ಅಲ್ರಿ ಅಮ್ಮಾರ."

"ಉಂಗುರ ಅಲ್ಲೇನು? ತಂತಿ ಅಲ್ಲೇನು? ಡಾಕ್ಟರೂ ಬರೋ ಸಲ ತೆಗಿಯಾವನೇ ಇದ್ದ. ನೀ ಇವತ್ತು ತೆಗಿ."

ಸೂಗಮ್ಮ ಗಂಡನ ಕಡೆ ತಿರುಗಿದಳು. "ರಾಯಚೂರಿಗೆ ಹೋಗೂಣ್ರಿ" ಅಂದಳು. ತಂತಿಯ ತುದಿ ಗಲ್ಲಕ್ಕೆ ಚುಚ್ಚಿ ಮಾತು ತೊದಲಿತು. ಅಮರೇಶ ಅಂಗಡಿಯ ಗೋಡೆ ನೋಡುತ್ತ, ಅಷ್ಟು ದೂರ ಯಾಕೆ, ಐದು ನಿಮಿಷದ ಕೆಲಸ ಅಂದ. ಆಮೇಲೆ ಅವಳ ಹಿಂದೆ ಬಂದು ಮಂಡಿಯೂರಿ ಕೂತು, ಎರಡೂ ಅಂಗೈಯಲ್ಲಿ ಅವಳ ತಲೆ ಹಿಡಿದ. ಮೆತ್ತಗೆ ಹಿಡಿದಿದ್ದ. ಅಲ್ಲಾಡಲು ಬರುತ್ತಿರಲಿಲ್ಲ.

ಮೋನಪ್ಪ ಇಕ್ಕಳವನ್ನು ಕುಲುಮೆಯ ಕೆಂಡಕ್ಕೆ ಹಿಡಿದು ಆರಿಸಿಕೊಂಡ. ತಂತಿ ಸುಲಭವಾಗಿ ಬಂತು. ಉಂಗುರಗಳು ಬರಲಿಲ್ಲ. ಹಲ್ಲಿಗೆ ಸಿಮೆಂಟಿನಿಂದ ಅಂಟಿಸಿದ್ದನ್ನು ಅವನು ಕಂಡಿರಲಿಲ್ಲ. ಮೊದಲನೆಯದನ್ನು ಮೀಟುವಾಗ ಹಲ್ಲಿನ ಅಂಚು ಉಂಗುರದ ಜೊತೆಗೇ ಬಂತು. ಸೂಗಮ್ಮನ ಗಂಟಲಿನಿಂದ ಬಂದ ಸದ್ದಿಗೆ ಮೋನಪ್ಪ ಕೈ ಹಿಂದಕ್ಕೆ ತೆಗೆದ.

"ಹಲ್ಲು ಅಲ್ಲಾಡಾಕತ್ತದ ಅಮ್ಮಾರ. ನಾ ಒಲ್ಲೆ."

"ಒಂದು ತಗದು ಮೂರು ಬಿಡ್ತೀಯೇನು? ತೆಗಿ."

ಎರಡನೆಯದಕ್ಕೆ ಕೈ ಹಾಕಿದಾಗ ವೀರಭದ್ರಮ್ಮ ಸೊಸೆಯ ಹತ್ತಿರ ಕೂತು, ಸೆರಗಿನಿಂದ ಅವಳ ಗದ್ದಕ್ಕಿಳಿದ ರಕ್ತ ಒರೆಸುತ್ತ, ಮಗುವಿಗೆ ಹೇಳುವಂತೆ ಹೇಳಿದಳು.

"ಬೇಗಂ ಮನ್ಯಾಗ ಕುಂತು ಓದಿದ್ರ ಹಲ್ಲು ನೆಟ್ಟಗಾಗ್ತಾವೇನ ಯವ್ವಾ? ನೀ ಬಸ್ನ್ಯಾಗ ಹೇಳಿದ ದಿನಾನ ನನ್ನ ಮಗ ಬಂದು ಹೇಳ್ಯಾನ. ತಂತಿ ಇರೋತನಕ ಹೋಗ್ಲಿ ಬಿಡು ಅಂತ ನಾನೇ ಅಂದಿದ್ದೆ."

ಸೂಗಮ್ಮನ ಕಣ್ಣು ಮೇಲಕ್ಕೆ ಹೊರಳಿತು. ಅಲ್ಲಿಂದ ಗಂಡನ ಗದ್ದದ ಅಡಿ ಮಾತ್ರ ಕಾಣುತ್ತಿತ್ತು, ಮುಂಜಾನೆ ಕ್ಷೌರ ಮಾಡಿಕೊಂಡ ನುಣುಪು ಗದ್ದ. ಅವನ ಅಂಗೈ ಬೆವೆತು ಅವಳ ಕಿವಿಗೆ ಅಂಟಿತ್ತು. ಅವಳು ಬಾಯಿ ಇನ್ನಷ್ಟು ಅಗಲಿಸಿದಳು.

ಎರಡನೆಯದು ಬಂತು. ಮೂರನೆಯದೂ ನಾಲ್ಕನೆಯದೂ ಬಂದವು. ವೀರಭದ್ರಮ್ಮ ಎದ್ದು ಸೀರೆಯ ನೆರಿಗೆ ಕೊಡವಿಕೊಂಡು, ಕೆಳಗಿನ ಸಾಲನ್ನು ನಾಳೆ ತೆಗೆಸಿದರಾಯಿತು, ಇವತ್ತಿಗೆ ಸಾಕು ಅಂದಳು. ಮಾನ್ವಿಯವರ ಪಾಕ ಈ ಸಲ ಯಾಕೋ ಗಟ್ಟಿಯಾಯಿತು ಎಂದೂ ಸೇರಿಸಿದಳು. ಅಮರೇಶ ಹೆಂಡತಿಯ ತಲೆ ಬಿಟ್ಟು, ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು, ತಾಯಿಯ ಹಿಂದೆ ಹೊರಟ.

ಮೋನಪ್ಪ ಒಂದು ಚರಿಗೆ ನೀರು ಕೊಟ್ಟ. ಸೂಗಮ್ಮ ಬಾಯಿ ಮುಕ್ಕಳಿಸಿದಳು. ಅವನು ಅವಳನ್ನು ನೋಡಲಾರದೆ ತುಂಡುಗಳನ್ನು ಒಂದೊಂದಾಗಿ ಆರಿಸಿ, ಕೈಯ ರೂಢಿಯಲ್ಲಿ ಸಣ್ಣ ತಕ್ಕಡಿಯ ಬಟ್ಟಲಿಗೆ ಹಾಕಿ ಎತ್ತಿ ಹಿಡಿದ. ಮುಳ್ಳು ಸ್ವಲ್ಪ ವಾಲಿತು. ಆಗ ಅವನು ಎಚ್ಚೆತ್ತು ಬಟ್ಟಲನ್ನು ಹೊಸ್ತಿಲ ಆಚೆ ಕೊಡವಿದ. ಓಣಿಯ ಕೋಳಿಯೊಂದು ಓಡಿಬಂದು ಹೊಳೆಯುತ್ತಿದ್ದ ಒಂದು ಉಂಗುರವನ್ನು ಕುಕ್ಕಿ ಎತ್ತಿಕೊಂಡು, ಅತ್ತಿತ್ತ ತಲೆ ಕೊಡವಿ, ಅಲ್ಲೇ ಉಗುಳಿ ಮುಂದೆ ಹೋಯಿತು.