ಆಯಮ್ಮನನ್ನು ಯಾರೂ ಕೇಳಲಿಲ್ಲ

ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದರೆ ಏನಾಗುತ್ತದೆ? ಮೊದಲು ಅವರ ಮಂಚ ಗೋಡೆಯ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಅವರ ಊಟ, ಸ್ನಾನ, ಮಾತ್ರೆ ಎಲ್ಲವನ್ನೂ ಬೇರೆಯವರು ತೀರ್ಮಾನಿಸುತ್ತಾರೆ. ಕೊನೆಗೆ ಅವರು ಅಲ್ಲೇ ಮಲಗಿರುವಾಗಲೇ, ಅವರ ತಲೆಯ ಮೇಲೆ ಮಾತು ಶುರುವಾಗುತ್ತದೆ. "ತಿಂದ್ರಾ? ಮಲಗಿದ್ರಾ? ಎರಡಕ್ಕೆ ಹೋದ್ರಾ?" ಆಯಮ್ಮನ ಮನೆಯಲ್ಲೂ ಹೀಗೇ ಆಯಿತು.

ಆಯಮ್ಮ ದೊಡ್ಡಾಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ವಾರ್ಡ್ ಆಯಾ ಆಗಿದ್ದವರು. ರೋಗಿಗಳ ಮೈ ಒರೆಸುವುದು, ಹಾಸಿಗೆ ಬದಲಾಯಿಸುವುದು, ಬೆಡ್‌ಪ್ಯಾನ್ ಇಡುವುದು, ಪ್ರಾಣ ಹೋದವರ ಕಣ್ಣು ಮುಚ್ಚಿ ಗದ್ದಕ್ಕೆ ಬಟ್ಟೆ ಕಟ್ಟುವುದು, ಇವೇ ಅವರ ಕೆಲಸ. ನಿವೃತ್ತಿಯಾದ ಮೇಲೂ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಕರೆಯುತ್ತಿದ್ದದ್ದು ಅವರನ್ನೇ. ನಾಲಿಗೆ ಸ್ವಲ್ಪ ಜೋರು. "ಡಾಕ್ಟ್ರು ಹೇಳಿದ್ದನ್ನ ಅರ್ಧ ಕೇಳಿಸ್ಕೊಂಡು ಬಂದು ನನ್ನ ತಲೆ ತಿನ್ನಬೇಡಿ" ಎಂದು ಬೈದುಕೊಂಡೇ ಸಹಾಯ ಮಾಡುತ್ತಿದ್ದರು.

ಎಪ್ಪತ್ತೆರಡನೇ ವಯಸ್ಸಿನಲ್ಲಿ ಅವರಿಗೆ ಹೊಟ್ಟೆನೋವು ಶುರುವಾಯಿತು. ಮೈ ಇಳಿಯುತ್ತಾ ಬಂತು. ಪರೀಕ್ಷೆಗಳೆಲ್ಲ ಮುಗಿದ ದಿನ ಡಾಕ್ಟರು ಮಗನೊಬ್ಬನನ್ನೇ ಒಳಗೆ ಕರೆದರು. ಮಗನದು ನೀರಿನ ಪಂಪ್ ರಿಪೇರಿ ಕೆಲಸ. ಕೈಗೆ ಅಂಟಿದ ಗ್ರೀಸ್ ಕೂಡ ತೊಳೆಯದೆ ಓಡಿ ಬಂದಿದ್ದ.

"ಗಡ್ಡೆ ಯಕೃತ್ತಿಗೂ ಹರಡಿದೆ. ಆಪರೇಷನ್ ಆಗಲ್ಲ. ಕೆಲವು ತಿಂಗಳು ಅಷ್ಟೇ" ಎಂದರು ಡಾಕ್ಟರು.

ಮಗ ಹೊರಗೆ ಬಂದ. ಆಯಮ್ಮ ಬೆಂಚಿನ ಮೇಲೆ ಕೂತಿದ್ದರು.

"ಏನಂತೆ?"

"ಗ್ಯಾಸ್ಟ್ರಿಕ್ ಅಂತೆ ಅಮ್ಮ. ಮಾತ್ರೆ ಬರ್ದಿದಾರೆ."

"ಗ್ಯಾಸ್ಟ್ರಿಕ್ಕಾ?"

"ಹೂಂ."

ಕ್ಯಾನ್ಸರ್ ವಾರ್ಡಿನಲ್ಲಿ ಒಂಬತ್ತು ವರ್ಷ ನೆಲ ಒರೆಸಿದವರಿಗೆ ಅವನು ಆ ಮಾತು ಹೇಳಿದ. ಆಯಮ್ಮ ಎದ್ದು, ಮಗನ ಹಿಂದೆ ನಡೆದರು.

ಮನೆಗೆ ಬಂದ ಮೇಲೆ ಮೂರು ಸಲ ಕೇಳಿದರು. ಮೂರು ಸಲವೂ ಗ್ಯಾಸ್ಟ್ರಿಕ್ಕೇ. ನಾಲ್ಕನೇ ಸಲ ಅವರು ಕೇಳಲಿಲ್ಲ.

ಒಂದು ತಿಂಗಳಾಗುವಷ್ಟರಲ್ಲಿ ಊಟ ಸೇರದಂತಾಯಿತು. ಹೆದರಿದ ಮಗ ಮತ್ತೆ ಆಸ್ಪತ್ರೆಗೆ ಸೇರಿಸಿದ. ಅಲ್ಲಿ ಮೂಗಿಗೆ ಆಹಾರದ ನಳಿಗೆ ಹಾಕಿದರು. ಆಯಮ್ಮ ಅದನ್ನು ಕಿತ್ತೆಸೆದರು. ಮತ್ತೆ ಹಾಕಿದರು, ಮತ್ತೆ ಕಿತ್ತರು. "ಕೈ ಕಟ್ಟಬೇಕಾಗತ್ತೆ, ನೀವು ಒಪ್ತೀರಾ?" ಎಂದು ವಾರ್ಡಿನವರು ಮಗನನ್ನು ಕೇಳಿದರು. ಅವನು ತಲೆಯಾಡಿಸಿ, ತೋರಿಸಿದ ಕಡೆ ಸಹಿ ಹಾಕಿದ. ಎರಡು ದಿನ ಆಯಮ್ಮನ ಎರಡೂ ಕೈಗಳನ್ನು ಮಂಚದ ಕಂಬಿಗೆ ಬ್ಯಾಂಡೇಜು ಬಟ್ಟೆಯಿಂದ ಕಟ್ಟಿದ್ದರು. ಮೂರನೇ ದಿನ ನಳಿಗೆ ತೆಗೆದು ಮನೆಗೆ ಕಳಿಸಿದರು.

ಅಂದಿನಿಂದ ಆಯಮ್ಮ ಮಾತು ನಿಲ್ಲಿಸಿದರು.

"ಅಮ್ಮಂಗೆ ಬುದ್ಧಿ ಹೋಗಿದೆ" ಎಂದ ಮಗ. ಬೀದಿಯವರೂ ಒಪ್ಪಿದರು. ಮುಂದಿನ ಕೋಣೆಯಲ್ಲಿ ಮಂಚ. ಅಲ್ಲೇ ಸೊಸೆಯ ಹೊಲಿಗೆ ಯಂತ್ರ. ಶಾಲೆಯ ಸಮವಸ್ತ್ರದ ಅಳತೆ ಕೊಡಲು ಬಂದವರು ಬಾಗಿಲಲ್ಲಿ ನಿಂತಿರುವಾಗಲೇ ಆಯಮ್ಮನ ಡೈಪರ್ ಬದಲಾಗುತ್ತಿತ್ತು. ಬುದ್ಧಿಯೇ ಇಲ್ಲದವರಿಗೆ ನಾಚಿಕೆ ಎಲ್ಲಿಂದ ಬರಬೇಕು, ಅನ್ನುವುದು ಎಲ್ಲರ ಲೆಕ್ಕ. ಮಗ ದಿನಕ್ಕೆರಡು ಸಲ ದವಡೆ ಒತ್ತಿ ಹಿಡಿದು ಚಮಚದಲ್ಲಿ ಹಾಲು ತುರುಕುತ್ತಿದ್ದ. ಅರ್ಧ ಕತ್ತಿನ ಮೇಲೆ ಇಳಿಯುತ್ತಿತ್ತು. ಸೊಂಟದ ಬಳಿ ಹಾಸಿಗೆ ಹುಣ್ಣಾಯಿತು.

ಆರು ವಾರ ಹೀಗೇ ಕಳೆಯಿತು. ಅಳತೆ ಕೊಡಲು ಬಂದ ಹೆಂಗಸೊಬ್ಬಳು ಸೊಸೆಯ ಕಿವಿಯಲ್ಲಿ ಒಂದು ಮಾತು ಹಾಕಿ ಹೋದಳು. ವಾಸಿಯಾಗದ ಕಾಯಿಲೆಯವರನ್ನು ಮನೆಗೇ ಬಂದು ನೋಡಿಕೊಳ್ಳುವ ನರ್ಸ್ ಒಬ್ಬರಿದ್ದಾರೆ ಅಂತ.

ಮಗ ಹಾರಿಬಿದ್ದ. "ಆ ನರ್ಸು ಬರೋದು ಸಾಯೋರ ಮನೆಗೆ! ತಾಯಿನ ಕೈ ಬಿಟ್ಟ ಅಂತ ಬೀದಿಯವರೆಲ್ಲ ಆಡ್ಕೊಳ್ಳಲ್ವಾ?"

ಸೊಸೆ ಅತ್ತೆಯ ದಿಂಬಿನ ಕವರ್ ತಂದು ಅವನ ಮುಂದೆ ಹಿಡಿದಳು. ಒಂದು ಮೂಲೆ ಚಿಂದಿಯಾಗಿತ್ತು. "ನೋವು ತಡೀಲಾರದೆ ಇದನ್ನ ಕಚ್ಚಿ ಹಿಡ್ಕೋತಾರೆ. ಇದು ಮೂರನೇ ಕವರ್ರು. ಬೀದಿಯವರು ಬಂದು ಹೊಲಿದು ಕೊಡ್ತಾರಾ?"

ಮರುದಿನ ಹತ್ತು ಗಂಟೆಗೆ ನರ್ಸ್ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಹೆಗಲಲ್ಲೊಂದು ಚೀಲ. ಮಗ ಕಾಯಿಲೆಯ ಕಥೆ ಶುರುಮಾಡಿದ. "ಒಂದು ನಿಮಿಷ ಅಣ್ಣ" ಎಂದು ಅವರು ಅವನನ್ನು ತಡೆದು, ಮಂಚದ ಹತ್ತಿರ ಕೂತರು.

"ಅಮ್ಮ, ನಾನು ನರ್ಸು. ನಿಮ್ಮ ಹುಣ್ಣು ನೋಡಬೇಕಿತ್ತು. ಮುಟ್ಟಬಹುದಾ?"

"ಅವರಿಗೆ ಏನೂ ಗೊತ್ತಾಗಲ್ಲ ಸಿಸ್ಟರ್" ಎಂದ ಮಗ.

ನರ್ಸ್ ತಿರುಗಿ ನೋಡಲಿಲ್ಲ, ಆಯಮ್ಮನನ್ನು ಮುಟ್ಟಲೂ ಇಲ್ಲ. ಸುಮ್ಮನೆ ಕಾದರು. ಹೊರಗೆ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದ್ದಾಡಿ, ಮಾಡಿ, ಹೊರಟುಹೋದರು.

"ಮೊದಲು ಬಾಗಿಲು ಹಾಕು" ಎಂದರು ಆಯಮ್ಮ.

ಆರು ವಾರದ ಮೇಲೆ ಬಂದ ಮೊದಲ ಮಾತು ಅದು. ಸೊಸೆ ಓಡಿಹೋಗಿ ಬಾಗಿಲು ಹಾಕಿದಳು. ಮಗ ನಿಂತಲ್ಲೇ ನಿಂತ.

ನರ್ಸ್ ಹುಣ್ಣು ತೊಳೆಯುತ್ತಾ ಕೇಳಿದರು, "ಎಷ್ಟು ಹೊತ್ತಿಗೊಂದು ಸಲ ಮಗ್ಗುಲು ಬದಲಾಯಿಸ್ತೀರಿ?"

"ಅವರಿಗೇನು ಗೊತ್ತು" ಎಂದರು ಆಯಮ್ಮ. "ಎರಡು ಗಂಟೆಗೊಂದು ಸಲ ಅಂತ ಮೂವತ್ತೊಂದು ವರ್ಷ ಊರಿಗೆಲ್ಲ ಬಡ್ಕೊಂಡೆ. ನಮ್ಮನೇಲಿ ಹೇಳೋದು ಮರೆತೆ ನೋಡು."

"ಅಮ್ಮ, ಮಾತಾಡ್ತೀಯಾ? ಇಷ್ಟು ದಿನ ಯಾಕಮ್ಮ…" ಮಗ ಮಂಚದ ಬಳಿ ಬಂದ.

"ಏನು ಮಾತಾಡೋದು ನಿನ್ನ ಹತ್ರ? ಗ್ಯಾಸ್ಟ್ರಿಕ್ ಬಗ್ಗೆನಾ?"

ಮಗ ಅಡುಗೆಮನೆಗೆ ಹೋಗಿಬಿಟ್ಟ. ಸ್ವಲ್ಪ ಹೊತ್ತಿಗೆ ನರ್ಸ್ ಕೈ ತೊಳೆಯಲು ಅಲ್ಲಿಗೇ ಬಂದರು.

"ನೋವಿಗೆ ಡಾಕ್ಟ್ರ ಹತ್ರ ಮಾರ್ಫಿನ್ ಬರೆಸೋಣ" ಎಂದರು.

"ಮಾರ್ಫಿನ್ನಾ? ಅದು ಕೊಟ್ರೆ ಬೇಗ ಹೋಗಿಬಿಡ್ತಾರೆ ಅಂತಾರಲ್ಲ. ಚಟ ಬೇರೆ ಹತ್ತತ್ತೆ."

"ಡಾಕ್ಟ್ರು ಹೇಳಿದ ಅಳತೆಯಲ್ಲಿ ಕೊಟ್ರೆ ಅದು ನೋವನ್ನ ಕಮ್ಮಿ ಮಾಡತ್ತೆ, ಆಯಸ್ಸನ್ನಲ್ಲ. ಸ್ವಲ್ಪ ಮಂಪರು ಬರಬಹುದು, ಮಲಬದ್ಧತೆ ಆಗತ್ತೆ, ಅದಕ್ಕೂ ಔಷಧಿ ಇದೆ. ಚಟದ ಭಯ ಬಿಡಿ. ದಿಂಬು ಕಚ್ಚೋದು ಯಾವ ಚಟ ಹೇಳಿ?"

ಅವನು ಅವರ ಕೈಗೆ ಟವೆಲ್ ಕೊಟ್ಟ.

"ಇನ್ನೊಂದು ವಿಷಯ. ಅವರಿಗೆ ನಿಜ ಹೇಳಬೇಕು. ಅವರು ಮೂರು ಸಲ ಕೇಳಿದ್ರಂತಲ್ಲ, ನಿಮ್ಮ ಹೆಂಡ್ತಿ ಹೇಳಿದ್ರು."

"ಹೇಳಿದ್ರೆ ಕುಸಿದು ಹೋಗ್ತಾರೆ ಸಿಸ್ಟರ್."

"ಯಾರು ಕುಸಿಯೋದು ಅಣ್ಣ? ಅವರಾ, ನೀವಾ?"

ಅವನು ಒಲೆಯ ಕಟ್ಟೆಗೆ ಒರಗಿ ಮುಖ ಮುಚ್ಚಿಕೊಂಡ. ಆಮೇಲೆ ನರ್ಸ್ ಅವನನ್ನು ಕರೆದುಕೊಂಡು ಮುಂದಿನ ಕೋಣೆಗೆ ಬಂದರು.

"ಅಮ್ಮ, ಅದು ಗ್ಯಾಸ್ಟ್ರಿಕ್ ಅಲ್ಲ" ಎಂದ ಮಗ.

"ಗೊತ್ತು."

"ಯಾವಾಗಿಂದ?"

"ಡಾಕ್ಟ್ರ ರೂಮಿಂದ ಬಂದು ನನ್ನ ಚಪ್ಪಲಿ ನೋಡ್ಕೊಂಡು ಮಾತಾಡಿದ್ಯಲ್ಲ, ಆವಾಗಿಂದ. ಎಷ್ಟು ದಿನ ಅಂದಿದ್ರು?"

"ಕೆಲವು ತಿಂಗಳು ಅಂದ್ರು."

"ಅದರಲ್ಲಿ ಎರಡೂವರೆ ತಿಂಗಳು ನೀನೇ ತಿಂದ್ಯಲ್ಲೋ" ಎಂದರು ಆಯಮ್ಮ. ಬೈಗುಳದ ದನಿಯಲ್ಲ. ಅದಕ್ಕೇ ಅವನಿಗೆ ಹೆಚ್ಚು ನಾಟಿತು.

ಎರಡು ದಿನದಲ್ಲಿ ಔಷಧಿ ಹಿಡಿಯಿತು. ನೋವು ಪೂರ್ತಿ ಹೋಗಲಿಲ್ಲ, ಆದರೆ ಮಾತಾಡುವಷ್ಟು ಜಾಗ ಬಿಟ್ಟುಕೊಟ್ಟಿತು. ನರ್ಸ್ ಮೂರನೇ ಸಲ ಬಂದಾಗ, ಮಗ ಸೊಸೆ ಇಬ್ಬರೂ ಇರುವಾಗಲೇ, ಆಯಮ್ಮ ಯಾರಿಗೂ ಹೇಳದ ಸಂಗತಿಯೊಂದನ್ನು ಹೇಳಿದರು.

"ಕೆಲಸಕ್ಕೆ ಸೇರಿ ಎಂಟನೇ ವರ್ಷ. ಹನ್ನೊಂದನೇ ಹಾಸಿಗೇಲಿ ಒಬ್ಬ ಮುದುಕ ಇದ್ದ. ನಳಿಗೆ ಕಿತ್ತು ಹಾಕ್ತಿದ್ದ. ನಾನೇ ಕೈ ಕಟ್ಟಿದೆ. ಮಧ್ಯಾಹ್ನದ ಪಾಳಿ. 'ಒಂದು ಕೈ ಬಿಡಮ್ಮ, ಕಣ್ಣು ಒರೆಸ್ಕೋತೀನಿ' ಅಂದ. 'ಸುಮ್ನೆ ಮಲಗು ತಾತ, ನಂಗಿನ್ನೂ ಹದಿನೆಂಟು ಹಾಸಿಗೆ ಇದೆ' ಅಂದೆ. ಒಂದು ಗಂಟೆ ಬಿಟ್ಟು ಬಂದು ನೋಡಿದ್ರೆ ಹೋಗಿಬಿಟ್ಟಿದ್ದ. ಕಣ್ಣೀರು ಕಿವಿ ತನಕ ಇಳಿದು ಒಣಗಿತ್ತು. ಮನೆಯವರು ಬರೋದ್ರೊಳಗೆ ಕಟ್ಟು ಬಿಚ್ಚಿ, ಮಣಿಕಟ್ಟು ತಿಕ್ಕಿದೆ, ಗುರುತು ಕಾಣಬಾರದು ಅಂತ. 'ಆರಾಮಾಗಿ ಹೋದ್ರು' ಅಂತ ಅವರಿಗೆ ಹೇಳಿದೆ."

ಆಯಮ್ಮ ಮಗನ ಕಡೆ ತಿರುಗಿದರು.

"ನೀನು ನನ್ನ ಕೈ ಕಟ್ಟಿಸಿದಾಗ ನಂಗೆ ನಿನ್ನ ಮೇಲೆ ಸಿಟ್ಟು ಬರ್ಲಿಲ್ಲ. ಇದು ನಂಗೆ ಬರಬೇಕಾದ್ದೇ ಅನ್ಕೊಂಡೆ. ಅದಕ್ಕೇ ಬಾಯಿ ಮುಚ್ಕೊಂಡೆ." ಮತ್ತೆ ನರ್ಸ್ ಕಡೆ ನೋಡಿದರು. "ಸಾವಿರ ಜನಕ್ಕೆ ಮಾಡಿದೀನಿ ಕಣಮ್ಮ. ಕಣ್ಣು ಮುಚ್ಚಿದ್ರೆ ಆ ಒಬ್ಬನೇ ಬರ್ತಾನೆ. ಹಾಗಾದ್ರೆ ನಾನು ಬದುಕಿದ್ದಕ್ಕೆ ಏನರ್ಥ?"

"ಅದೇನೂ ದೊಡ್ಡದಲ್ಲ, ಬಿಡಿ" ಎಂದು ನರ್ಸ್ ಹೇಳಲಿಲ್ಲ. "ಅದನ್ನ ಅಳಿಸೋ ಶಕ್ತಿ ನನಗಿಲ್ಲ ಅಮ್ಮ. ಅದಕ್ಕೆ ನಿಮಗೇನಾದ್ರೂ ಮಾಡಬೇಕು ಅನ್ಸತ್ತಾ?"

ಆಯಮ್ಮ ಹೊದಿಕೆಯಿಂದ ಎರಡೂ ಕೈ ಹೊರತೆಗೆದು ನೋಡಿಕೊಂಡರು. "ಈಗ ವಾರ್ಡಿನಲ್ಲಿರೋ ಆಯಾಗಳನ್ನ ಕರೆಸು."

ಗುರುವಾರ ಇಬ್ಬರು ಬಂದರು. ಇಬ್ಬರಿಗೂ ಚಿಕ್ಕ ವಯಸ್ಸು, ಪಾಳಿ ಮುಗಿಸಿ ನೇರ ಬಂದಿದ್ದರು. ಆಯಮ್ಮ ಆ ಮುದುಕನ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದರು. ನಡುನಡುವೆ ಉಸಿರು ಸಾಲದೆ ನಿಲ್ಲಿಸಿದರು. ಒಬ್ಬಳು ಅತ್ತಳು. ಇನ್ನೊಬ್ಬಳು ಅಳಲಿಲ್ಲ.

"ಆಯಮ್ಮ, ನಮಗೆ ಇಪ್ಪತ್ತು ಹಾಸಿಗೆಗೆ ಒಬ್ಬಳೇ. ನಾವಾದ್ರೂ ಏನು ಮಾಡೋಣ?"

"ಗೊತ್ತು ಕಣೇ. ನಾನೂ ಅದನ್ನೇ ಹೇಳಿದ್ದು" ಎಂದರು ಆಯಮ್ಮ. "ಆದ್ರೂ ಒಂದು ಕೈ ಬಿಡು."

ಅದೇ ವಾರ ಸೊಸೆ ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದು, ಆಯಮ್ಮ ಹೇಳಿದಂತೆ ಬರೆದಳು. ಮತ್ತೆ ಆಸ್ಪತ್ರೆ ಬೇಡ. ನಳಿಗೆ ಬೇಡ. ನೋವಿಗೆ ಔಷಧಿ ಬೇಕು. ಬಾಯಿಗೆ ತುರುಕಬೇಡಿ, ಕೇಳಿದರೆ ಕೊಡಿ. ಮೈ ತೊಳೆಯುವಾಗ ಸೊಸೆ ಇದ್ದರೆ ಸಾಕು, ಮಗ ಹೊರಗಿರಲಿ. ನರ್ಸ್ ಅದನ್ನು ಡಾಕ್ಟರಿಗೂ ತೋರಿಸಿ ದಾಖಲೆಗೆ ಸೇರಿಸಿದರು. ಮಂಚಕ್ಕೊಂದು ಪರದೆ ಬಂತು. ಮಗ ಗಡಿಯಾರ ನೋಡಿಕೊಂಡು ಎರಡು ಗಂಟೆಗೊಂದು ಸಲ ತನ್ನ ರಿಪೇರಿ ಅಂಗಡಿಯಿಂದ ಬಂದು ತಾಯಿಯ ಮಗ್ಗುಲು ಬದಲಾಯಿಸುತ್ತಿದ್ದ. "ಪಂಪು ಎತ್ತಿದ ಹಾಗೆ ಎತ್ತಬೇಡವೋ" ಎಂದು ಬೈಸಿಕೊಳ್ಳುತ್ತಿದ್ದ.

ಕೊನೆಯ ಎರಡು ದಿನ ಸುಲಭವಾಗಿರಲಿಲ್ಲ. ಆಯಮ್ಮನಿಗೆ ಯಾರ ಗುರುತೂ ಹತ್ತಲಿಲ್ಲ. ಗಂಟಲಲ್ಲಿ ಗೊರಗೊರ ಸದ್ದು. ಬೆಳಿಗ್ಗೆ ಉಸಿರು ನಿಂತು ನಿಂತು ಬರತೊಡಗಿದಾಗ ಮಗ ಆಂಬುಲೆನ್ಸಿಗೆ ಫೋನ್ ಮಾಡಲು ಎದ್ದ. ಸೊಸೆ ಅವನ ತೋಳು ಹಿಡಿದು, ಬರೆದ ಹಾಳೆಯನ್ನು ಮುಂದಿಟ್ಟಳು. ಅವನು ನರ್ಸ್‌ಗೆ ಫೋನ್ ಮಾಡಿದ.

"ಕೊನೆ ಹತ್ರ ಬಂದಾಗ ಉಸಿರು ಹೀಗೇ ಆಗತ್ತೆ ಅಣ್ಣ. ಒಂದು ಪಕ್ಕಕ್ಕೆ ಮಲಗಿಸಿ, ತುಟಿ ಒದ್ದೆ ಮಾಡಿ. ಮಾತಾಡಿಸ್ತಾ ಇರಿ. ನಾನು ಹೊರಟೆ."

ಅವನು ಮಾತಾಡಿಸಿದ. ಏನು ಹೇಳಬೇಕೋ ತೋಚದೆ, ಅಂದು ರಿಪೇರಿಗೆ ಬಂದಿದ್ದ ಪಂಪಿನ ವಿಷಯ ಹೇಳಿದ. ಬೇರಿಂಗ್ ಹೋಗಿದೆ ಅಮ್ಮ, ಹೊಸದು ಹಾಕಬೇಕು ಅಂದ. ಹನ್ನೊಂದು ಗಂಟೆಗೆ ಆಯಮ್ಮ ಹೋದರು. ನರ್ಸ್ ಮೊದಲ ಸಲ ಮನೆಗೆ ಬಂದು ಆಗ ಹತ್ತೊಂಬತ್ತು ದಿನವಾಗಿತ್ತು.

ಈಗ ಆ ಬೀದಿಯಲ್ಲಿ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದರೂ ಮಗ ತಾನಾಗಿ ಹೋಗುತ್ತಾನೆ. "ನಂಗೆ ಹತ್ತೊಂಬತ್ತು ದಿನ ಸಿಕ್ತು. ತೊಂಬತ್ತು ಸಿಗ್ತಿತ್ತು. ನೀವು ನನ್ನ ಹಾಗೆ ಮಾಡಬೇಡಿ" ಎನ್ನುತ್ತಾನೆ. ಹೇಳಿದ ಮೇಲೂ ಅವನ ಮುಖ ಹಗುರವಾಗುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಒಂದು ಮಂಚ ಇರಬಹುದು. ವಾಸಿಯಾಗದ ಕಾಯಿಲೆ ಎಂದರೆ ಇನ್ನು ಮಾಡುವುದೇನೂ ಉಳಿದಿಲ್ಲ ಎಂದಲ್ಲ. ನೋವು ಇಳಿಸಬಹುದು, ಹುಣ್ಣಾಗದಂತೆ ನೋಡಿಕೊಳ್ಳಬಹುದು, ಮಾನ ಕಾಯಬಹುದು. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆ, ಅಂದರೆ ನೋವು ಕಡಿಮೆ ಮಾಡುವ ಆರೈಕೆ, ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ಕೊನೆಯ ವಾರಕ್ಕೆ ಕಾಯದೆ ಕಾಯಿಲೆ ಗೊತ್ತಾದ ದಿನವೇ ವಿಚಾರಿಸಿ. ನಿಜ ಕೇಳಿದವರಿಗೆ ನಿಜ ಹೇಳಿ. ಅವರಿಗೆ ಏನು ಬೇಕು, ಏನು ಬೇಡ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟು, ಡಾಕ್ಟರಿಗೆ ತಿಳಿಸಿ.

ಅವರಿಗೆ ಹೆದರಿಕೆ ಇರಬಹುದು. ಯಾರಿಗೂ ಹೇಳದ ಹಳೆಯ ಭಾರ ಇರಬಹುದು. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕಾಗಿಲ್ಲ. ಇವತ್ತೇ ಕೇಳಿ. ಅವರು ಬಾಯಿ ಬಿಡಲು ಹೊತ್ತಾಗಬಹುದು. ದಯವಿಟ್ಟು ಎದ್ದು ಹೋಗಬೇಡಿ.